ಎಂಟು ಜನ ಕೂತಿರ್ತಾರೆ, ಒಬ್ಬ ಓಡ್ತಾನೆ

ಓದುಗರ ಪತ್ರ

"ಸಂಪಾದಕರಿಗೆ ನಮಸ್ಕಾರ. ನನ್ನ ಮಗನಿಗೆ 7 ವರ್ಷ, ಇಲ್ಲೇ ಮಂಡ್ಯದಲ್ಲಿ ಎರಡನೇ ಕ್ಲಾಸು. ಬೆಳಿಗ್ಗೆ 8ಕ್ಕೆ ವ್ಯಾನ್ ಹತ್ತಿದರೆ ಮನೆಗೆ ಬರುವುದು ನಾಲ್ಕೂವರೆಗೆ. ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಅಂತ ಟೈಂಟೇಬಲ್‌ನಲ್ಲಿದೆ, ಒಂದನ್ನು ಗಣಿತಕ್ಕೆ ತಗೊಳ್ತಾರೆ. ಊಟ ಆದ ತಕ್ಷಣ 20 ನಿಮಿಷ ಎಲ್ಲರೂ ಡೆಸ್ಕ್ ಮೇಲೆ ತಲೆ ಇಟ್ಟು ಸುಮ್ಮನಿರಬೇಕು. ತಲೆ ಎತ್ತಿದವರ ಹೆಸರನ್ನು ಲೀಡರ್ ಬೋರ್ಡ್ ಮೇಲೆ ಬರೆಯುತ್ತಾನೆ. ನಮ್ಮವನ ಹೆಸರು ದಿನಾ ಇರುತ್ತೆ. 'ಒಂದು ಕಡೆ ಕೂರುವುದಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಸಿ' ಅಂತ ಡೈರಿಯಲ್ಲಿ ಮೂರು ಸಲ ಬರೆದಿದ್ದಾರೆ. ಮನೆಗೆ ಬಂದರೆ ಬ್ಯಾಗ್ ಬಿಸಾಕಿ ಬೀದಿಗೆ ಓಡುತ್ತಾನೆ. ಮೈಸೂರಿನಲ್ಲಿ ಬರೀ ಆಟದಲ್ಲೇ ಪಾಠ ಹೇಳಿಕೊಡುವ ಶಾಲೆ ಇದೆಯಂತೆ, ಅಲ್ಲಿಗೆ ಹಾಕೋಣ ಅಂತಾರೆ ನಮ್ಮ ಯಜಮಾನರು. ಅತ್ತೆ 'ಗಂಡು ಹುಡುಗ ಅಲ್ವಾ, ಬಿಡು' ಅಂತಾರೆ. ಅವರು ಅವರೆಕಾಯಿ ಸುಲಿಯುವಾಗ ಮಾತ್ರ ಪಕ್ಕದಲ್ಲಿ ಕೂತರೆ ಅರ್ಧ ಗಂಟೆ ಏಳೋದಿಲ್ಲ. ಮಕ್ಕಳಿಗೆ ಎಷ್ಟು ಆಟ ಇರಬೇಕು, ಎಷ್ಟು ಹೊತ್ತು ಸುಮ್ಮನೆ ಕೂರಿಸಬೇಕು? ದಯವಿಟ್ಟು ತಿಳಿಸಿ."
ಒಬ್ಬ ತಾಯಿ, ಮಂಡ್ಯ

ಸಂಪಾದಕರ ಉತ್ತರ

ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಕಣ್ಣ ಮುಂದೆ ಬಂದದ್ದು ಆ ಬೋರ್ಡು. ಮೂಲೆಯಲ್ಲಿ 'ಮಾತಾಡಿದವರು' ಅಂತ ತಲೆಬರಹ. ಅದರ ಕೆಳಗೆ ಗೆರೆ. ಗೆರೆ ಕೆಳಗೆ ಹೆಸರು, ಹೆಸರಿನ ಮುಂದೆ ಇಂಟು ಮಾರ್ಕು. ಒಂದು ಇಂಟುಗೆ ಒಂದು ಏಟು. ನಮ್ಮ ಲೀಡರ್ ನಮ್ಮ ಬೀದಿಯವನೇ, ಒಂದು ಗೋಲಿ ಕೊಟ್ಟರೆ ಒಂದು ಇಂಟು ಅಳಿಸುತ್ತಿದ್ದ. ಇಷ್ಟು ವರ್ಷ ಆದರೂ ಆ ಮೂಲೆ ಹಾಗೇ ಇದೆ ಅಂತ ಓದಿ ನಗು ಬಂತು, ಬೇಜಾರೂ ಆಯ್ತು.

ಇನ್ನೊಂದು ದಿನವೂ ನೆನಪಾಯಿತು. ನಾಲ್ಕನೇ ಕ್ಲಾಸು. ಭಾಗಾಕಾರದ ಲೆಕ್ಕ ಮುಗಿಸಿಲ್ಲ ಅಂತ ಆಟದ ಪೀರಿಯಡ್‌ಗೆ ನನ್ನೊಬ್ಬನನ್ನು ಬಿಡಲಿಲ್ಲ. ಖಾಲಿ ರೂಮು, ನಾನು, ಸ್ಲೇಟು. ಹೊರಗೆ ಖೋಖೋ. ಕಿಟಕಿ ಕಂಬಿ ಹಿಡಿದುಕೊಂಡು ಇಡೀ ಪೀರಿಯಡ್ ನೋಡಿದೆ. ಕೈಗೆ ತುಕ್ಕಿನ ವಾಸನೆ ಅಂಟಿಕೊಂಡಿತ್ತು. ಒಂದು ಲೆಕ್ಕವನ್ನೂ ಮಾಡಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಖೋಖೋ ಆಟವನ್ನು ಅಷ್ಟು ಗಮನ ಇಟ್ಟು ನೋಡಿದ್ದು ಅದೇ ಮೊದಲು. ಒಳಗಿದ್ದು ಆಡುವಾಗ ಕಾಣದ ಒಂದು ವಿಷಯ ಕಿಟಕಿಯಿಂದ ಕಂಡಿತು.

ಅಟ್ಟುವ ತಂಡದಲ್ಲಿ 9 ಜನ. ಅದರಲ್ಲಿ 8 ಜನ ಎರಡು ಕಂಬಗಳ ನಡುವೆ ಸಾಲಾಗಿ ಕೂತಿರುತ್ತಾರೆ. ಒಬ್ಬ ಈ ಕಡೆ ಮುಖ, ಪಕ್ಕದವನು ಆ ಕಡೆ ಮುಖ. ಓಡುವವನು ಒಬ್ಬನೇ. ಹಿಂದಿನಿಂದ ಬಂದು ಬೆನ್ನು ಮುಟ್ಟಿ 'ಖೋ' ಅನ್ನುವ ತನಕ ಕೂತವನು ಏಳುವ ಹಾಗಿಲ್ಲ. ಮೊದಲೇ ಎದ್ದರೆ ಫೌಲು. ಅಂದರೆ ಈ ಆಟದಲ್ಲಿ ಮಕ್ಕಳು ಓಡುವುದಕ್ಕಿಂತ ಕೂರುವುದೇ ಜಾಸ್ತಿ! ಆದರೆ ಆ ಕೂತಿರುವವರನ್ನು ನೋಡಿ. ಬೆರಳ ತುದಿ ನೆಲ ಮುಟ್ಟಿರುತ್ತದೆ, ಹಿಮ್ಮಡಿ ಎತ್ತಿರುತ್ತದೆ, ಕಣ್ಣು ಓಡುವವನ ಹಿಂದೆ ಹೋಗುತ್ತಿರುತ್ತದೆ, ಕಿವಿ ಬೆನ್ನ ಹಿಂದಿನ ಹೆಜ್ಜೆ ಸದ್ದಿಗೆ ಕಾದಿರುತ್ತದೆ. ಯಾರೂ ಪಕ್ಕದವನನ್ನು ಚಿವುಟುವುದಿಲ್ಲ. ಹೆಸರು ಬರೆಯೋದಕ್ಕೆ ಲೀಡರ್ ಬೇಕಾಗಿಲ್ಲ. ತನ್ನ ಸರದಿ ಬಂದೇ ಬರುತ್ತದೆ ಅಂತ ಗೊತ್ತಿರುವ ಮಗು ಕೂರುವ ರೀತಿ ಅದು.

ನಿಮ್ಮ ಮಗ ಕ್ಲಾಸಿನಲ್ಲಿ ಕೂತಿದ್ದಾನಲ್ಲ, ಅವನಿಗೆ ಯಾರೂ ಖೋ ಕೊಡುವುದಿಲ್ಲ. ಅಷ್ಟೇ ಅವನ ಕಷ್ಟ.

ಲೆಕ್ಕ ಕೇಳಿದ್ದೀರಿ, ಕೊಡುತ್ತೇನೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗಿ ಏದುಸಿರು ಬರುವಂಥ ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕಲ್ಲ, ದಿನಕ್ಕೆ. ನಿಮ್ಮ ಮಗನಿಗೆ ಶಾಲೆಯಲ್ಲಿ ಸಿಗುತ್ತಿರುವುದು ವಾರಕ್ಕೆ ಒಂದು ಪೀರಿಯಡ್. ಅದರಲ್ಲೂ ಸಾಲಾಗಿ ನಿಲ್ಲಿಸೋದಕ್ಕೆ ಹತ್ತು ನಿಮಿಷ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾಗಿ ಅವನು ಸಂಜೆ ಬ್ಯಾಗ್ ಬಿಸಾಕಿ ಬೀದಿಗೆ ಓಡುತ್ತಾನಲ್ಲ, ಅದನ್ನು ತುಂಟತನ ಅಂತ ನೋಡಬೇಡಿ. ಬೆಳಗ್ಗಿನಿಂದ ಬಾಕಿ ಉಳಿದದ್ದನ್ನು ವಸೂಲಿ ಮಾಡಿಕೊಳ್ಳುತ್ತಿದ್ದಾನೆ. ಬ್ಯಾಗನ್ನು ಗೂಟಕ್ಕೆ ಹಾಕಿ ಹೋಗು ಅಂತ ಬೇಕಾದರೆ ಹೇಳಿ.

'ಸಿಲಬಸ್ ಮುಗಿಯಲ್ಲ, ಟೈಮೇ ಇಲ್ಲ' ಅಂತ ಶಾಲೆಯವರು ಹೇಳುತ್ತಾರೆ. ಇದಕ್ಕೂ ಒಂದು ಲೆಕ್ಕ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇದೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ, 800 ಗಂಟೆ ಪಾಠ. ಭಾಗಾಕಾರ ಈಗ ನನಗೆ ಬರುತ್ತದೆ: ದಿನಕ್ಕೆ 4 ಗಂಟೆ. ನಿಮ್ಮ ಮಗ ಮನೆಯಿಂದ ಹೊರಗಿರುವುದು ಎಂಟೂವರೆ ಗಂಟೆ. ವ್ಯಾನು, ಊಟ, ಪ್ರೇಯರ್ ಎಲ್ಲಾ ಕಳೆದರೂ ಆಟಕ್ಕೆ ಜಾಗ ಉಳಿಯುತ್ತದೆ. ಅದೇ ಪಟ್ಟಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಅಂತಲೂ ಇದೆ. ಮೈದಾನ ಇರುವುದು ವಾರ್ಷಿಕೋತ್ಸವದ ಶಾಮಿಯಾನ ಹಾಕೋದಕ್ಕಲ್ಲ, ಅಲ್ವಾ?

ಆಟದ ಪೀರಿಯಡ್ ಕಿತ್ತುಕೊಳ್ಳುವ ಚಾಳಿ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲೂ ಇದೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಇದರ ಬಗ್ಗೆ ಒಂದು ಹೇಳಿಕೆಯನ್ನೇ ಹೊರಡಿಸಿತು. ಪಾಠದ ನೆಪದಲ್ಲಾಗಲಿ, ಶಿಕ್ಷೆಯ ನೆಪದಲ್ಲಾಗಲಿ ಮಕ್ಕಳ ಆಟದ ಬಿಡುವನ್ನು ತೆಗೆಯಬಾರದು ಅಂತ. ಕಿಟಕಿ ಕಂಬಿ ಹಿಡಿದು ನಿಂತಿದ್ದ ಹುಡುಗನಿಗೆ ಇದು ಸ್ವಲ್ಪ ತಡವಾಗಿ ತಲುಪಿತು, ಇರಲಿ.

ಇನ್ನು ಊಟ ಆದ ಮೇಲಿನ ಆ 20 ನಿಮಿಷ. ಇದನ್ನೂ ನಾನು ಬೈಯುತ್ತೇನೆ ಅಂತ ನೀವು ಅಂದುಕೊಂಡಿರಬಹುದು. ಬೈಯುವುದಿಲ್ಲ. ಆ ಶಾಲೆಯಲ್ಲಿ ನನಗೆ ಹಿಡಿಸಿದ್ದೇ ಅದು. ಮಧ್ಯಾಹ್ನ ಅಷ್ಟು ಹೊತ್ತು ಏನೂ ಮಾಡದೆ ಇರುವುದಕ್ಕೆ ಮಕ್ಕಳಿಗೆ ಇನ್ನೆಲ್ಲಿ ಬಿಡುತ್ತಾರೆ? ಶಾಲೆ ಬಿಟ್ಟರೆ ಟ್ಯೂಷನ್, ಟ್ಯೂಷನ್ ಬಿಟ್ಟರೆ ಅಬ್ಯಾಕಸ್, ಭಾನುವಾರ ಕರಾಟೆ. ಸುಮ್ಮನಿರುವುದೂ ಒಂದು ಹಸಿವು. ಎಷ್ಟೋ ಮಕ್ಕಳಿಗೆ, ಮುಖ್ಯವಾಗಿ ಗದ್ದಲ ಆಗದ ಮಕ್ಕಳಿಗೆ, ಅದು ಆಟದ ಹಸಿವಿಗಿಂತ ದೊಡ್ಡದು. ನನ್ನ ಅಕ್ಕನ ಮಗಳು ಹಾಗಿದ್ದಳು. ಬಿಡುವಿನಲ್ಲಿ ಎಲ್ಲರೂ ಓಡಿದರೆ ಇವಳು ಹುಣಸೆಮರದ ಬುಡದಲ್ಲಿ ಕೂತು ಹುಣಸೆಬೀಜ ಎಣಿಸುತ್ತಿದ್ದಳು. 'ಹೋಗಿ ಆಡು' ಅಂತ ಅವಳನ್ನು ಎಬ್ಬಿಸಿ ಕಳಿಸುತ್ತಿದ್ದರಲ್ಲ, ಅದೂ ನಿಮ್ಮ ಮಗನ ತಲೆ ಬಗ್ಗಿಸುವುದರಷ್ಟೇ ತಪ್ಪು.

ಹಾಗಾದರೆ ತೊಂದರೆ ಎಲ್ಲಿದೆ? ಬೋರ್ಡಿನ ಮೂಲೆಯಲ್ಲಿ. ತಲೆ ಎತ್ತಿದರೆ ಹೆಸರು ಬೀಳುತ್ತದೆ ಅಂದ ಮೇಲೆ ಆ 20 ನಿಮಿಷ ಮಗುವಿನದ್ದಲ್ಲ, ಲೀಡರ್‌ದು. ಕಣ್ಣು ಮುಚ್ಚಿಕೊಂಡ ಮಗು ಒಳಗೊಳಗೆ ಅವನ ಚಪ್ಪಲಿ ಸದ್ದನ್ನೇ ಕೇಳಿಸಿಕೊಳ್ಳುತ್ತಿರುತ್ತದೆ.

ನಮ್ಮ ಭಾಷೆಯಲ್ಲಿ ಒಂದು ಚಂದದ ವಿಷಯ ಇದೆ, ಯಾವತ್ತಾದರೂ ಗಮನಿಸಿದ್ದೀರಾ? ಹುಡುಗ ಮರಳಲ್ಲಿ ಗುಂಡಿ ತೋಡುತ್ತಿರುತ್ತಾನೆ. 'ಏನೋ ಮಾಡ್ತಿದ್ದೀಯ?' ಅಂದರೆ 'ಸುಮ್ನೆ' ಅನ್ನುತ್ತಾನೆ. ಅಟ್ಟದ ಮೇಲೆ ಒಬ್ಬನೇ ಕೂತಿರುತ್ತಾನೆ. 'ಯಾಕೋ ಕೂತಿದ್ದೀಯ?' ಅಂದರೆ ಅದಕ್ಕೂ 'ಸುಮ್ನೆ'. ಆಟಕ್ಕೂ ಮೌನಕ್ಕೂ ಮಕ್ಕಳು ಕೊಡುವ ಕಾರಣ ಒಂದೇ. ದೊಡ್ಡವರು ಅದೇ ಮಾತನ್ನು ತಗೊಂಡು 'ಸುಮ್ನಿರು!' ಅಂತ ಗದರಿದಾಗಲೇ ಅದರ ರುಚಿ ಕೆಡುವುದು.

ಮೌನವನ್ನೇ ಆಟ ಮಾಡಿದವರೂ ಇದ್ದಾರೆ. ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ 1907ರಲ್ಲಿ ರೋಮಿನ ಬಡವರ ಕೇರಿಯೊಂದರಲ್ಲಿ 'ಮಕ್ಕಳ ಮನೆ' ಅನ್ನುವ ಶಾಲೆ ತೆರೆದರು. (ಆಮೇಲೆ 1939ರಲ್ಲಿ ನಮ್ಮ ದೇಶಕ್ಕೆ ಬಂದು, ಯುದ್ಧದ ಕಾಲವನ್ನು ಕೊಡೈಕೆನಾಲ್ ಬೆಟ್ಟದ ಮೇಲೂ ಕಳೆದರು.) ಅವರು ಒಂದು ದಿನ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಮಕ್ಕಳ ಮುಂದೆ ಬಂದು ನಿಂತರಂತೆ. ನೋಡಿ, ಇವಳಷ್ಟು ಅಲುಗಾಡದೆ ಇರೋದಕ್ಕೆ ನಿಮ್ಮಿಂದ ಆಗುತ್ತಾ ಅಂತ ತಮಾಷೆ ಮಾಡಿದರಂತೆ. ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಅಲ್ಲಿಂದ ಹುಟ್ಟಿದ್ದು ಮೌನದ ಆಟ. ಎಲ್ಲರೂ ಸದ್ದಿಲ್ಲದೆ ಕೂರುತ್ತಾರೆ, ಪಕ್ಕದ ಕೋಣೆಯಿಂದ ಟೀಚರ್ ಪಿಸುದನಿಯಲ್ಲಿ ಒಬ್ಬೊಬ್ಬರದೇ ಹೆಸರು ಕರೆಯುತ್ತಾರೆ, ಕರೆದ ಮಗು ತುದಿಗಾಲಲ್ಲಿ ಎದ್ದು ಬರುತ್ತದೆ. ಇಲ್ಲೂ ಹೆಸರು ಬರುತ್ತದೆ ನೋಡಿ. ಆದರೆ ತನ್ನ ಹೆಸರು ಯಾವಾಗ ಬರುತ್ತದೋ ಅಂತ ಮಕ್ಕಳು ಆಸೆಯಿಂದ ಕಾಯುತ್ತಾರೆ. ಖೋ ಕೊಟ್ಟ ಹಾಗೇ.

ಈಗ ನಿಮ್ಮ ಶಾಲೆಯವರು ಮಾಡುತ್ತಿರುವ ಇನ್ನೊಂದು ಎಡವಟ್ಟು. ಊಟ ಆದ 'ತಕ್ಷಣ' ಅಂತ ಬರೆದಿದ್ದೀರಿ. ನೀವು ಮಂಡ್ಯದವರು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಮೇಲೆ ಗೇಟು ಇಳಿಸಿದ ಕೂಡಲೇ ಕೊನೇ ಭಾಗದ ತೂಬಿನಲ್ಲಿ ನೀರು ನಿಲ್ಲುತ್ತಾ? ನಾಲೆಯಲ್ಲಿರುವುದು ಹರಿದು ಮುಗಿಯಬೇಕು. ಬೆಲ್ ಹೊಡೆದಾಗ ಮೇಷ್ಟ್ರ ಕಡೆಯ ಗೇಟು ದಡಕ್ಕನೆ ಬೀಳುತ್ತದೆ. ಮಗುವಿನ ಕಡೆ ನೀರು ಇನ್ನೂ ಹರಿಯುತ್ತಿರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ, ಬೆವರು ಆರಿರುವುದಿಲ್ಲ, ಪೆನ್ಸಿಲ್ ಹಿಡಿದ ಕೈ ನಡುಗುತ್ತದೆ, ಅಕ್ಷರ ಗೆರೆ ಮೇಲೆ ಕೂರುವುದಿಲ್ಲ. ಆಟಕ್ಕೂ ಪಾಠಕ್ಕೂ ನಡುವೆ ಒಂದು ಇಳಿಜಾರು ಬೇಕು. ಆಟ ಎಷ್ಟು, ಪಾಠ ಎಷ್ಟು ಅಂತ ನಾವೆಲ್ಲ ತಲೆ ಕೆಡಿಸಿಕೊಳ್ಳುತ್ತೇವೆ. ಈ ಇಳಿಜಾರಿನ ಐದು ನಿಮಿಷವನ್ನು ಯಾವ ಟೈಂಟೇಬಲ್ಲೂ ಬರೆಯುವುದಿಲ್ಲ.

ಅದನ್ನು ಚೆನ್ನಾಗಿ ಮಾಡಿದ್ದನ್ನು ನಾನು ಒಂದು ಸಲ ಕಣ್ಣಾರೆ ನೋಡಿದ್ದೇನೆ. ಪಾಂಡವಪುರದ ಕಡೆಯ ಒಂದು ಸರ್ಕಾರಿ ಶಾಲೆ. ಬಿಸಿಯೂಟ ಆಗಿ, ಮಕ್ಕಳು ಅಂಗಳದಲ್ಲಿ ಕುಣಿದು ಕುಪ್ಪಳಿಸಿ, ಬೆಲ್ ಆಯಿತು. ಟೀಚರಮ್ಮ ಕೂಗಲಿಲ್ಲ. ಬಾಗಿಲ ಮುಂದೆ ಬಳಪದಲ್ಲಿ ಒಂದು ಗೆರೆ ಎಳೆದು ನಿಂತರು. ಮಕ್ಕಳು ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಬಂದು ಗೆರೆಯ ಈಚೆ ಸಾಲಾದರು. ಕೆರೆ-ದಡ ಶುರುವಾಯಿತು. 'ಕೆರೆ!' ಅಂದರೆ ಆಚೆ ಹಾರಬೇಕು, 'ದಡ!' ಅಂದರೆ ಈಚೆ. ಮೊದಲು ಜೋರು ದನಿ, ಬೇಗ ಬೇಗ. ಮಕ್ಕಳು ಕಿರುಚಿಕೊಂಡು ಹಾರಿದರು, ತಪ್ಪಿದರು, ನಕ್ಕರು. ಆಮೇಲೆ ದನಿ ಸ್ವಲ್ಪ ಇಳಿಯಿತು. ಕೇಳಿಸಬೇಕಲ್ಲ, ಕಿರುಚಾಟವೂ ಇಳಿಯಿತು. ಇನ್ನೂ ಇಳಿಯಿತು. ಕೊನೆಗೆ ಟೀಚರ ತುಟಿ ಮಾತ್ರ ಅಲುಗುತ್ತಿತ್ತು. 30 ಮಕ್ಕಳು ಆ ತುಟಿಯನ್ನೇ ನೋಡುತ್ತಾ ಸದ್ದಿಲ್ಲದೆ ಆಚೆ ಈಚೆ ಹಾರುತ್ತಿದ್ದರು. ಒದ್ದೆ ಪಾದದ ಗುರುತು ಸಿಮೆಂಟಿನ ಮೇಲೆ ಬಿದ್ದು ಹಾಗೇ ಆರುತ್ತಿತ್ತು. ಕಾಲಿಗೆ ಮರಳು ಅಂಟಿದ್ದ ಒಬ್ಬ ಪುಟ್ಟ, ನೆಲ ಕೊಳೆಯಾದೀತು ಅಂತಲೋ ಏನೋ, ಒಂದೇ ಕಾಲಲ್ಲಿ ಹಾರುತ್ತಿದ್ದ. ಟೀಚರು ಕೈ ಬೀಸಿದರು. ಎಲ್ಲರೂ ಒಳಗೆ ಹೋಗಿ ಕೂತರು. ನನ್ನ ಗಡಿಯಾರದಲ್ಲಿ ಆರು ನಿಮಿಷ. ಯಾರ ಹೆಸರೂ ಬೋರ್ಡ್ ಹತ್ತಲಿಲ್ಲ.

'ಇದನ್ನ ಯಾರು ಹೇಳಿಕೊಟ್ರು?' ಅಂತ ಕೇಳಿದೆ. 'ಗಂಟಲು ಹೋಗಿತ್ತು ಸಾರ್ ಒಂದು ವಾರ, ಅವಾಗ ಹೊಳೀತು' ಅಂದರು.

ಮೈಸೂರಿನ ಶಾಲೆಗೆ ಸೇರಿಸುವ ನಿಮ್ಮ ಯಜಮಾನರ ಯೋಚನೆ ಬೇಡ ಅಂತ ನನ್ನ ಅಭಿಪ್ರಾಯ. ದಿನಾ ನಲವತ್ತು ಚಿಲ್ಲರೆ ಕಿಲೋಮೀಟರ್ ಕೂತು ಹೋಗಿ, ಅಷ್ಟೇ ದೂರ ಕೂತು ಬರಬೇಕು, ಅದೂ ಆಟ ಆಡೋದಕ್ಕೆ! ಬರೀ ಆಟ ಅನ್ನುವ ಶಾಲೆಯ ಮೇಲೂ ನನಗೆ ಅಂಥ ನಂಬಿಕೆ ಇಲ್ಲ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹರಡಿದ ನಲಿ-ಕಲಿ ಪದ್ಧತಿಯನ್ನೇ ತಗೊಳ್ಳಿ. ಹೆಸರಿನಲ್ಲಿ ನಲಿ ಇದೆ, ಹಾಡು ಕುಣಿತ ಎಲ್ಲಾ ಇದೆ. ಆದರೆ ಅದೇ ಕೋಣೆಯಲ್ಲಿ ಮಕ್ಕಳು 'ತಟ್ಟೆ' ಅಂತ ಕರೆಯುವ ಗುಂಪುಗಳಾಗಿ ಬೇರೆ ಬೇರೆ ಕೂರುತ್ತಾರೆ. ಒಂದು ತಟ್ಟೆಯಲ್ಲಿ ಟೀಚರ್ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಸ್ವಕಲಿಕೆಯ ತಟ್ಟೆಯಲ್ಲಿ ಮಗು ತನ್ನ ಕಾರ್ಡು ಮುಂದಿಟ್ಟುಕೊಂಡು ತಾನೇ ಮಾಡುತ್ತದೆ. ಕಲಿಕೆಯ ಏಣಿ ಹತ್ತುತ್ತಾ ತಟ್ಟೆ ಬದಲಾಗುತ್ತದೆ, ಜಾಗ ಬದಲಾಗುತ್ತದೆ, ಎದ್ದು ಓಡಾಡುವುದು ತಾನಾಗೇ ಆಗುತ್ತದೆ. ಚೆನ್ನಾಗಿ ನಡೆಯುವ ನಲಿ-ಕಲಿ ಕೋಣೆಯ ಸದ್ದು ಜೇನುಗೂಡಿನ ಸದ್ದು. ಸಂತೆಯದ್ದಲ್ಲ.

ಅತ್ತೆಯವರಿಗೆ ಒಂದು ಮಾತು. ಗಂಡು ಹುಡುಗ ಅಂತ ಓಡೋದಕ್ಕೆ ಬಿಡುವುದು ಸರಿ, ಬೀದಿಯ ಹೆಣ್ಣುಮಕ್ಕಳನ್ನೂ ಬಿಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನಿಮ್ಮೂರಿನಿಂದ ಏನೂ ದೂರ ಇಲ್ಲ ಅದು.

ಮನೆಯ ವಿಷಯಕ್ಕೆ ಬಂದರೆ, 'ಮೊಬೈಲ್ ಕೊಟ್ಟರೆ ಸುಮ್ನಿರ್ತಾನೆ' ಅಂತ ನೀವು ಬರೆಯಲಿಲ್ಲ. ಸಂತೋಷ. ಮೈ ಅಲುಗದೆ ಇರುತ್ತದೆ, ಒಳಗೆ ಎಲ್ಲಾ ಓಡುತ್ತಲೇ ಇರುತ್ತದೆ. ಕೂತು ಆಡುವ ಆಟ ಬೇಕಾದರೆ ಚೌಕಾಬಾರ, ಅಳಗುಳಿಮಣೆ ಇದ್ದೇ ಇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಮಣೆಯಾಟಗಳ ಹುಚ್ಚು ಎಷ್ಟಿತ್ತು ಅಂದರೆ ಸ್ವತಃ ಹೊಸ ಹೊಸ ಆಟ ಕಟ್ಟುತ್ತಿದ್ದರು. ರಾಜರೇ ಕೂತು ಆಡಿದ್ದಾರೆ, ನಿಮ್ಮ ಯಜಮಾನರೂ ಕೂರಬಹುದು. ರಾತ್ರಿ ಬೇಗ ಮಲಗಿಸಿ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ಎಷ್ಟೋ ಸಲ ತೂಕಡಿಸುವುದಿಲ್ಲ, ಇನ್ನೂ ಜಾಸ್ತಿ ಎಗರಾಡುತ್ತದೆ. ಅದನ್ನೂ ನಾವು ತುಂಟತನ ಅಂತಲೇ ಕರೆಯುತ್ತೇವೆ.

ಶಾಲೆಗೆ ಹೋಗಿ ಮಾತಾಡಿ. ಜಗಳಕ್ಕೆ ಹೋಗಬೇಡಿ. ಆ ಟೀಚರಿಗೆ 40 ಮಕ್ಕಳಿರಬಹುದು, ಗಂಟಲು ಹೋಗಿರಬಹುದು, ಪಿ.ಟಿ. ಪೀರಿಯಡನ್ನು ಗಣಿತಕ್ಕೆ ಕೊಡಿ ಅಂತ ಮೇಲಿನವರೇ ಹೇಳಿರಬಹುದು. ಪೋಷಕರ ಸಭೆಯಲ್ಲಿ ನಾವು ಕೇಳುವುದೂ ಮಾರ್ಕ್ಸ್ ಬಗ್ಗೆಯೇ ತಾನೇ? 'ನನ್ನ ಮಗ ಈ ವಾರ ಎಷ್ಟು ಸಲ ಬೆವತ' ಅಂತ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನೀವು ಕೇಳಿ. ಊಟ ಆದ ಮೇಲೆ ಹತ್ತು ನಿಮಿಷ ಹೊರಗೆ ಬಿಟ್ಟು ಆಮೇಲೆ ತಲೆ ಇಡಿಸಲಿ. ಲೀಡರ್ ಕೈಯಿಂದ ಸೀಮೆಸುಣ್ಣ ಇಸಕೊಂಡು ಒಂದು ಕಥೆ ಪುಸ್ತಕ ಕೊಡಲಿ, ಮೆಲ್ಲಗೆ ಓದಲಿ. ಮಲಗುವವರು ಮಲಗಲಿ, ಕೇಳುವವರು ಕೇಳಲಿ. ನಿಮ್ಮ ಮಗ ಕರಿಹಲಗೆ ಒರೆಸುವುದು, ಪುಸ್ತಕ ಹಂಚುವುದು ಇಂಥ ಕೆಲಸ ಮಾಡಲಿ. ಎದ್ದು ಓಡಾಡುವುದಕ್ಕೆ ಅವನಿಗೊಂದು ನೆಪ ಸಿಗುತ್ತದೆ.

ಅವನಿಗೆ ಇನ್ನೇನಾದರೂ ತೊಂದರೆ ಇರಬಹುದಾ ಅನ್ನುವ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ನನಗೆ ಕಾಣಿಸಿತು. ಇಷ್ಟಪಟ್ಟ ಕೆಲಸದಲ್ಲೂ ಎರಡು ನಿಮಿಷ ನಿಲ್ಲದ ಮಗು, ಕರೆದರೂ ತಿರುಗದ ಮಗು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಕಿವಿ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ಏನೋ ನೆನಪಾಯ್ತು ಅನ್ನುವ ಹಾಗೆ, ಒಂದು ಸಾಲು ಬರೆದಿದ್ದೀರಿ. ಅಜ್ಜಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಅರ್ಧ ಗಂಟೆ ಕೂರುತ್ತಾನೆ ಅಂತ. ನಾನು ಆ ಸಾಲನ್ನು ಮೂರು ಸಲ ಓದಿದೆ. ಕೈಗೆ ಕೆಲಸ ಇದೆ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ರಾಶಿ ಬೆಳೆಯುವುದು ಕಣ್ಣಿಗೆ ಕಾಣುತ್ತದೆ. ಆಗಾಗ ಒಂದು ಹುಳ ಸಿಗುತ್ತದೆ, ಅದೊಂದು ಸಂಭ್ರಮ. ಸೊಗಡಿನ ವಾಸನೆ, ಪಕ್ಕದಲ್ಲಿ ಅಜ್ಜಿಯ ಮಾತು. ನೆನೆಸಿ ಹಿತುಕುವ ಕೆಲಸವನ್ನೂ ಕೊಟ್ಟು ನೋಡಿ. ಕಾಳು ಬೆರಳ ಸಂದಿಯಿಂದ ಪುಳಕ್ಕನೆ ಹಾರಿದರೆ ಇನ್ನರ್ಧ ಗಂಟೆ ಜಾಸ್ತಿ ಕೂರುತ್ತಾನೆ.

ಡೈರಿಯಲ್ಲಿ ಟೀಚರ್ ಬರೆದದ್ದರ ಕೆಳಗೆ ಪೋಷಕರ ಸಹಿಗೆ ಜಾಗ ಇರುತ್ತಲ್ಲ, ಅಲ್ಲಿ ಬರೆಯಿರಿ: 'ಮನೆಯಲ್ಲಿ ಅಭ್ಯಾಸ ಮಾಡಿಸಿದ್ದೇವೆ. ನಿನ್ನೆ ಒಂದೇ ಕಡೆ ಕೂತು ಎರಡು ಕೆ.ಜಿ. ಅವರೆಕಾಯಿ ಸುಲಿದ.' ಟೀಚರ್ ಏನಂದರು ಅಂತ ನನಗೊಂದು ಕಾರ್ಡು ಹಾಕಿ.